ತೆನೆ ಬಿಟ್ಟ ಮೇಲೆ ಕೆಳಗಿನ ಗರಿ ಹಳದಿ: ಯೂರಿಯಾ ಹಾಕಬೇಕಾ?

ಪ್ರಶ್ನೆ: ಮಂಡ್ಯ ಕಡೆ ನಮ್ಮ ಗದ್ದೆ. ಭತ್ತ ತೆನೆ ಬಿಟ್ಟು 12 ದಿನ ಆಯ್ತು. ಬುಡದ ಗರಿಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತಿವೆ. ಗೊಬ್ಬರದ ಅಂಗಡಿಯಲ್ಲಿ ಇನ್ನೊಂದು ಚೀಲ ಯೂರಿಯಾ ಎರಚಿ ಅಂದರು. ಹಾಕಲಾ? ಅನುಭವ ಇದ್ದವರು ಹೇಳಿ.

ಉತ್ತರ: ಹಾಕಬೇಡಿ, ನಾನು ಹಾಕಿ ಕೆಟ್ಟವನು. ಮೂರು ವರ್ಷದ ಹಿಂದೆ ಇದೇ ಹೊತ್ತಿಗೆ ಹೆದರಿ ಎರಚಿದೆ. ಗದ್ದೆ ಕಪ್ಪು ಹಸಿರಾಗಿ ನೋಡೋಕೆ ಚೆನ್ನಾಗೇ ಇತ್ತು, ಆದರೆ ಕಂದು ಜಿಗಿಹುಳು ಬಂತು, ಒಂದು ಮಳೆಗೆ ಅರ್ಧ ಪೈರು ಮಲಗಿತು, ತೂಕವೇನೂ ಜಾಸ್ತಿಯಾಗಲಿಲ್ಲ. ಒಂದು ತೆಂಡೆ, ಅಂದರೆ ಬುಡದಿಂದ ಒಡೆದ ಕವಲು, ಕಿತ್ತು ನೋಡಿ. ಬುಡದ ಗರಿ ಕಾಗದದ ಹಾಗೆ ಮುರಿಯುತ್ತದೆ, ತೆನೆಯ ಕಾಳು ಹಿಚುಕಿದರೆ ಹಾಲು ಬರುತ್ತದೆ. ಇಲ್ಲಿ ಖಾಲಿಯಾದದ್ದು ಅಲ್ಲಿಗೆ ಹೋಗಿದೆ, ಅಷ್ಟೇ. ಮೇಲಿನ ಮೂರು ಗರಿ ಹಸಿರಾಗಿದ್ದರೆ ಸುಮ್ನಿರಿ.

ಉತ್ತರ: ಅವರು ಹೇಳಿದ್ದು ಸರಿ. ನಾನು ಸಸ್ಯಶಾಸ್ತ್ರ ಓದಿದವಳು, ಕಾರಣ ಹೇಳುತ್ತೇನೆ. ಎಲೆಯ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲೋರೋಪ್ಲಾಸ್ಟ್‌ಗಳಲ್ಲೇ, ಅಂದರೆ ಗರಿಗೆ ಹಸಿರು ಕೊಡುವ ಸಣ್ಣ ಕಣಗಳಲ್ಲೇ ಇರುತ್ತದೆ, ಅದರಲ್ಲೂ ರುಬಿಸ್ಕೋ ಅನ್ನೋ ಪ್ರೋಟೀನಿನಲ್ಲಿ ಜಾಸ್ತಿ. ಗರಿಗೆ ವಯಸ್ಸಾದಾಗ ಗಿಡವೇ ಅದನ್ನು ಒಡೆದು ತೆನೆಗೆ ಸಾಗಿಸುತ್ತದೆ, ಹಳೇ ಮನೆಯ ತೊಲೆ ಬಿಚ್ಚಿ ಹೊಸ ಮನೆಗೆ ಹಾಕುವ ಹಾಗೆ. ಒಡೆಯುವಾಗ ಅಮೋನಿಯಾ ಹುಟ್ಟುತ್ತದೆ. ಅದು ಉಳಿದರೆ ವಿಷ. ಗ್ಲುಟಮಿನ್ ಸಿಂಥಟೇಸ್ ಅನ್ನೋ ಕಿಣ್ವ ಅದನ್ನು ಹಿಡಿದು ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ ಮಾಡುತ್ತದೆ, ಸಾರಜನಕ ತೆನೆಗೆ ಹೋಗುವ ಮುಖ್ಯ ರೂಪಗಳಲ್ಲಿ ಅದೂ ಒಂದು. ಆದರೆ ಮುದಿ ಗರಿಯಲ್ಲಿ ಕ್ಲೋರೋಪ್ಲಾಸ್ಟಿನ ಒಳಗಿನ ಕಿಣ್ವ ಕಮ್ಮಿಯಾಗುತ್ತಾ ಬರುತ್ತದೆ, ಹೊರಗಿನದೇ ಭಾರ ಹೊರಬೇಕು, ಅದರ ಕೈಗೂ ಸಿಗದ ಸ್ವಲ್ಪ ಅಮೋನಿಯಾ ಗರಿಯ ಸಣ್ಣ ರಂಧ್ರಗಳಿಂದ ಗಾಳಿಗೆ ಹೋಗುತ್ತದೆ. ಗರಿಯಲ್ಲಿ ಸಾರಜನಕ ಜಾಸ್ತಿ ಇದ್ದಷ್ಟೂ, ಬಿಸಿಲು ಏರಿದಷ್ಟೂ ಈ ಸೋರಿಕೆ ಜಾಸ್ತಿ. ಇನ್ನು ನಿಂತ ನೀರಿಗೆ ಎರಚಿದ ಯೂರಿಯಾದ ಕಥೆ ಬೇರೆ, ಅದು ನೀರಲ್ಲೇ ಅಮೋನಿಯಾ ಆಗುತ್ತದೆ. ಮಧ್ಯಾಹ್ನ ಪಾಚಿಯಿಂದಾಗಿ ನೀರಿನ ಕ್ಷಾರ ಏರುತ್ತದೆ, ಆ ಅಮೋನಿಯಾ ಅಲ್ಲಿಂದಲೇ ಹಾರಿಹೋಗುತ್ತದೆ. ದುಡ್ಡು ಕೊಟ್ಟು ಗಾಳಿಗೆ ಗೊಬ್ಬರ ಹಾಕಿದ ಹಾಗೆ ಅಲ್ವಾ?

ಉತ್ತರ: ಒಂದು ಮಾತು ಸೇರಿಸುತ್ತೇನೆ. ಇದೇ ಹಳದಿ ತೆಂಡೆ ಒಡೆಯುವಾಗ ಕಂಡರೆ ಅದು ನಿಜವಾದ ಕೊರತೆ ಇರಬಹುದು, ಆಗ ಮೇಲುಗೊಬ್ಬರ ಬೇಕು. ಹೊಸ ಗರಿ ಮೊದಲು ಹಳದಿಯಾದರೆ ಗಂಧಕವೋ ಕಬ್ಬಿಣವೋ ಕಮ್ಮಿ ಅಂತ ನೋಡಿ, ಅವು ಹಳೇ ಗರಿಯಿಂದ ಸಲೀಸಾಗಿ ಕದಲುವುದಿಲ್ಲ. ಹಳೇ ಗರಿಯ ಅಂಚು ಕಂದಾಗಿ ಸುಟ್ಟ ಹಾಗಿದ್ದರೆ ಪೊಟ್ಯಾಶ್ ಕಡೆ ಅನುಮಾನ ಪಡಬೇಕು. ನಿಮ್ಮದು ಅಂಚಾ, ಇಡೀ ತುದಿಯಾ?

ಕೇಳಿದವರು: ಇಡೀ ತುದಿ. ಮೇಲಿನ ಮೂರೂ ಹಸಿರೇ. ಚೀಲ ತಂದು ಆಗಿದೆ, ಮುಂದಿನ ಪೈರಿಗೆ ಇಟ್ಟುಕೊಳ್ಳುತ್ತೇನೆ.