ರಮ್ಮಿ: ಸ್ಕೋರ್ 62 ಇದ್ದಾಗ ಅರೆಬರೆ ಎಲೆ ಬಂದರೆ ಡ್ರಾಪ್ ಮಾಡಬೇಕಾ (ಆ ಆಟ ಬಿಟ್ಟುಕೊಡಬೇಕಾ)?

ಹೊಸಬ:
ಹೊಸತೊಡಕಿನ ದಿನ ಮನೇಲಿ ಆರು ಜನ ಕೂತು 101 ಪೂಲ್ (ಸ್ಕೋರ್ 101 ಮುಟ್ಟಿದವರು ಔಟ್) ಆಡಿದೆವು. ಕಾಸಿಗಲ್ಲ, ಕಡಲೆಬೀಜಕ್ಕೆ. ನನ್ನ ಸ್ಕೋರ್ 62. ಬಂದ ಎಲೆ: ಇಸ್ಪೀಟ್ 3, 7, 8. ಆಟಿನ್ 4, 6, ರಾಜ. ಕಳಾವರ್ 9, ರಾಜ, ಎಕ್ಕ. ಡೈಮಂಡ್ 2, 5, 10, ರಾಣಿ. ಕಟ್ ಜೋಕರ್ ಕಳಾವರ್ 5, ಅಂದರೆ ಎಲ್ಲಾ 5ಗಳೂ ಜೋಕರ್, ನನ್ನ ಕೈಯಲ್ಲಿ ಒಂದು. ಒಂದೆಲೆ ಎತ್ತಿ ನೋಡೋಣ ಅಂತ ಎತ್ತಿದೆ. ಮೂರನೇ ಸುತ್ತಿಗೆ ಪಕ್ಕದವರು ಶೋ ಹೊಡೆದರು (ಎಲೆ ಜೋಡಿಸಿ ಆಟ ಮುಗಿಸಿದರು). 80 ಬಿತ್ತು, ಔಟ್. ತಪ್ಪಿದ್ದೆಲ್ಲಿ?

ಕಳಾವರ್ ಗುಲಾಮ:
ಎಲೆ ಎತ್ತಿದ್ದೇ ತಪ್ಪು. ಮೊದಲೇ ಡ್ರಾಪ್ ಮಾಡಿದ್ದರೆ 20, ಸ್ಕೋರ್ 82. ಎತ್ತಿದ ಮೇಲೆ ಡ್ರಾಪ್ 40. 62ಕ್ಕೆ 40 ಸೇರಿದರೆ 102, ಆಗಲೂ ಔಟೇ. ನಿಮಗೆ ನಡುವಿನ ಡ್ರಾಪ್ ಅನ್ನೋದೇ ಇರಲಿಲ್ಲ. "ಒಂದೆಲೆ ನೋಡೋಣ" ಅನ್ನೋ ಮಾತು 60 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಸರಿ.

ಹೊಸಬ:
ಅದು ಹೊಳೆಯಲೇ ಇಲ್ಲ ಸರ್. ಆದರೆ 7-8 ಜೋಡಿ ಇತ್ತಲ್ವಾ?

ಕಳಾವರ್ ಗುಲಾಮ:
ಇತ್ತು. ಅದನ್ನು ಸೀಕ್ವೆನ್ಸ್ (ಒಂದೇ ಜಾತಿಯ ಸಾಲಾದ ಎಲೆ) ಮಾಡೋಕೆ ಇಸ್ಪೀಟ್ 6, 9 ಆಗುತ್ತೆ. ಎರಡು ಕಟ್ಟಿನ ಆಟ, ಹಾಗಾಗಿ ನಾಲ್ಕು ಎಲೆ. ಆಟಿನ್ 5, ಡೈಮಂಡ್ ಗುಲಾಮ, ಕಳಾವರ್ ರಾಣಿ ತಲಾ ಎರಡು. (ಕಳಾವರ್ ರಾಜ-ಎಕ್ಕ ನೀವು ಗಮನಿಸಿದ್ದೀರೋ ಇಲ್ಲವೋ!) ಒಟ್ಟು ಹತ್ತು ಎಲೆ. ಅಚ್ಚು ಜೋಕರ್ ಎರಡು ಸೇರಿ ಕಟ್ಟಿನಲ್ಲಿ 106. ನಿಮ್ಮ 13, ಕಟ್ ಜೋಕರ್, ತೆರೆದ ಎಲೆ ಬಿಟ್ಟರೆ ನಿಮಗೆ ಕಾಣದ್ದು 91. ಒಂದು ಸಲ ಎತ್ತಿದರೆ ಒಂಬತ್ತರಲ್ಲಿ ಒಂದು ಅವಕಾಶ.

ಇನ್ನೊಂದು ಲೆಕ್ಕ ತುಂಬಾ ಜನ ಮರೀತಾರೆ. ಆರು ಜನಕ್ಕೆ 78 ಹಂಚಿದ ಮೇಲೆ ಮುಚ್ಚಿದ ಕಟ್ಟಲ್ಲಿ ಉಳಿಯೋದು ಬರೀ 26. ತಲೆಗೆ ನಾಲ್ಕು ಎಲೆ. ಅಷ್ಟರಲ್ಲಿ ಇಸ್ಪೀಟ್ 6 ಬಂದು ಜೋಕರಿಲ್ಲದ ಸೀಕ್ವೆನ್ಸ್ ಆಯ್ತು, ಒಂದು ರಾಜನನ್ನು ಎಸೆದಿರಿ ಅಂದುಕೊಳ್ಳಿ. ಕೈಯಲ್ಲಿ ಉಳಿದ ಎಲೆಗಳ ಪಾಯಿಂಟ್ ಇನ್ನೂ 64 ಇದೆ. ನಿಮಗೆ 39 ಬಿದ್ದರೂ ಸಾಕು ಔಟ್.

ಹೊಸಬ:
82 ಆದಮೇಲೆ ಮತ್ತೆ ಡ್ರಾಪ್ ಮಾಡೋಕಾಗಲ್ಲ. ಮುಂದಿನ ಆಟಕ್ಕೆ ಇದೇ ಥರ ಎಲೆ ಬಂದರೆ?

ಕಳಾವರ್ ಗುಲಾಮ:
ಆಡಲೇಬೇಕು, ಬೇರೆ ದಾರಿ ಇಲ್ಲ. ಆದರೂ ಹೊಸ ಹದಿಮೂರು ಎಲೆ ಸಿಗುತ್ತಲ್ಲ, ನಾನಂತೂ ಅದನ್ನೇ ಆರಿಸ್ತೀನಿ.

ಆಟಿನ್ ರಾಣಿ:
ಅಣ್ಣ ಹೇಳಿದ್ದು ಸರಿ, ಆದರೆ ನಿಮ್ಮ ಸರದಿಗೆ ಮುಂಚೆ ನಾಲ್ಕು ಜನ ಡ್ರಾಪ್ ಆಗಿದ್ದರೆ ನಾನು ಆಡ್ತಿದ್ದೆ. 26 ಎಲೆ ಇಬ್ಬರಿಗೇ, ತಲಾ 13 ಎತ್ತಬಹುದು. ಎದುರಿನವರಿಗೂ ಅಷ್ಟೇ ಸಿಗುತ್ತೆ ನಿಜ.

ಕಳಾವರ್ ಗುಲಾಮ:
ಹೌದು ತಾಯಿ, ಒಪ್ಪಿದೆ. ಆದರೆ ಮೊದಲ ಸುತ್ತಲ್ಲೇ ಆ ರಾಜರನ್ನೂ ರಾಣಿಯನ್ನೂ ಎಸೆಯೋಕೆ ಶುರು ಮಾಡಿ.

ಹೊಸಬ:
ನಾನು ಮೂರೂ ಸುತ್ತು ಹಿಡ್ಕೊಂಡೇ ಕೂತಿದ್ದೆ!