ಲೇಕ್ ಸುಪೀರಿಯರ್‌ನಲ್ಲಿ ಇಲ್ಲದ ದ್ವೀಪ: ನನ್ನ ನಕ್ಷೆ ನಕಲಿನಾ?

ಥಂಡರ್‌ಬೇ ಹುಡುಗ:
ನಮಸ್ಕಾರ. ಹೋದ ವಾರ ಇಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಫ್ರೆಂಚ್ ನಕ್ಷೆ ತಗೊಂಡೆ, 200 ಡಾಲರ್. ಕೆನಡಾದ ಸರೋವರಗಳದ್ದು. ಬೆಲಾಂ ಅನ್ನೋ ಹೆಸರಿದೆ, 1744 ಅಂತಿದೆ. ಮನೆಗೆ ತಂದು ನೋಡಿದರೆ ಲೇಕ್ ಸುಪೀರಿಯರ್ ಒಳಗೆ ‘ಫೆಲಿಪೊ’ ಅಂತ ದೊಡ್ಡ ದ್ವೀಪ! ಈ ಸರೋವರ ದಿನಾ ನಮ್ಮ ಕಿಟಕಿಯಿಂದ ಕಾಣುತ್ತದೆ. ಇಲ್ಲಿ ನಿಜವಾಗಿ ಇರೋ ಐಲ್ ರಾಯಲ್ ದ್ವೀಪ ಗೊತ್ತು, ಇದ್ಯಾವುದು? ಟೋಪಿ ಬಿತ್ತಾ ನನಗೆ?

ಹಳೇಕಾಗದ:
ಆ ದ್ವೀಪ ಇಲ್ಲದಿದ್ದರೆ ನನಗೆ ಅನುಮಾನ ಬರುತ್ತಿತ್ತು ತಮ್ಮಾ. ಬೆಲಾಂ ಕೆನಡಾಕ್ಕೆ ಕಾಲೇ ಇಟ್ಟವರಲ್ಲ. ಪ್ಯಾರಿಸ್‌ನ ನೌಕಾ ಕಚೇರಿಯಲ್ಲಿ ಕೂತು, ಅಲ್ಲಿಗೆ ಬಂದ ಪತ್ರ, ಡೈರಿ ನೋಡಿ ಬರೆದರು. ಈ ನಕ್ಷೆ ಪಾದ್ರಿ ಶಾರ್ಲವ್ವಾ ಅವರ ಪುಸ್ತಕಕ್ಕೆ ಮಾಡಿದ್ದು. ಆಗಿನ ನೌಕಾ ಮಂತ್ರಿ ಮೊರೆಪಾ ಅವರ ಮನೆತನದ ಹೆಸರೇ ಫೆಲಿಪೊ. ಹತ್ತಿರದಲ್ಲೇ ಪೊಂಶಾರ್ತ್ರಾಂ ದ್ವೀಪ ಇದೆಯಾ ನೋಡಿ, ಅದೂ ಅದೇ ಮನೆಯದು. ಮಂತ್ರಿಗೆ ಬೆಣ್ಣೆ ಹಚ್ಚಲು ಭೂಮಿಯನ್ನೇ ಹುಟ್ಟಿಸಿದರು!

ಅಸಲಿ ಹೌದೋ ಅಲ್ಲವೋ ಅನ್ನೋದನ್ನ ಕಾಗದ ಹೇಳುತ್ತದೆ. ಆಗ ಕಾಗದವನ್ನ ತಂತಿ ಜರಡಿಯಲ್ಲಿ ಕೈಯಿಂದ ಮಾಡುತ್ತಿದ್ದರು; ಬೆಳಕಿಗೆ ಹಿಡಿಯಿರಿ, ಆ ತಂತಿಗಳ ಗೆರೆಗಳು ಸಾಲಾಗಿ ಕಾಣಬೇಕು. ಆಮೇಲೆ ಕಣ್ಣು ಮುಚ್ಚಿ ಅಂಚಿನ ಹತ್ತಿರ ಬೆರಳಾಡಿಸಿ. ಅಚ್ಚು ಹಾಕಲು ತಾಮ್ರದ ತಗಡು ಒತ್ತಿದ ಕಡೆ ಸಣ್ಣ ತಗ್ಗು ಸಿಗುತ್ತದೆ. ನಾನು ಮೊದಲು ಕೊಂಡ ‘ಅಸಲಿ’ ನಕ್ಷೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರೀ ಕೆಂಪು, ನೀಲಿ ಚುಕ್ಕೆ, ಮದುವೆ ಕಾರ್ಡಿನ ಹಾಗೆ ಈಗಿನ ಮುದ್ರಣ. ಎರಡು ದಿನ ಊಟ ಸೇರಲಿಲ್ಲ.

ಮಂಡ್ಯದಮೇಷ್ಟ್ರು:
ಆ ಸುಳ್ಳು ದ್ವೀಪ ಬಲು ದೂರ ಹೋಯಿತು ಕಣ್ರೀ. 1755ರಲ್ಲಿ ಜಾನ್ ಮಿಚೆಲ್ ಮಾಡಿದ ಉತ್ತರ ಅಮೆರಿಕದ ನಕ್ಷೆಯಲ್ಲೂ ಬಂತು. ಅದನ್ನ ಮುಂದಿಟ್ಟುಕೊಂಡು ಬ್ರಿಟನ್, ಅಮೆರಿಕ 1783ರ ಪ್ಯಾರಿಸ್ ಒಪ್ಪಂದ ಮಾಡಿಕೊಂಡರು. ಈ ಸರೋವರದೊಳಗೆ ಗಡಿ ಐಲ್ ರಾಯಲ್ ಮತ್ತು ಫೆಲಿಪೊ ದ್ವೀಪಗಳ ಉತ್ತರಕ್ಕೆ ಹೋಗಬೇಕು ಅಂತ ಬರೆದೇಬಿಟ್ಟರು. ಇಲ್ಲದ ದ್ವೀಪ ಅಮೆರಿಕದ ಪಾಲಿಗೆ!

ಥಂಡರ್‌ಬೇ ಹುಡುಗ:
ಗೆರೆ ಇದೆ, ತಗ್ಗೂ ಸಿಕ್ಕಿತು! ಪೊಂಶಾರ್ತ್ರಾಂ ಕೂಡ ಇದೆ. ಆದರೆ ನಡುವೆ ಮಡಿಕೆ ಗುರುತು ಜಾಸ್ತಿ. ಫ್ರೇಮ್ ಹಾಕೋರು ಇಸ್ತ್ರಿ ಹೊಡೆದು ಕೊಡ್ತೀನಿ ಅಂತಿದ್ದಾರೆ.

ಹಳೇಕಾಗದ:
ಬೇಡ ಮಾರಾಯ! ಪುಸ್ತಕದೊಳಗೆ ಮಡಚಿಟ್ಟಿದ್ದ ನಕ್ಷೆ ಅದು, ಮಡಿಕೆ ಇರಲೇಬೇಕು. ಈಗಲೇ ಫ್ರೇಮ್‌ನವರಿಗೆ ಫೋನ್ ಮಾಡಿ ನಕ್ಷೆ ವಾಪಸ್ ತಗೊಳ್ಳಿ.