ಪದಚರ್ಚೆ: ಬ್ಯಾಂಕಿನ ಮೆಸೇಜಲ್ಲಿ ಬರೋ ‘ಬಾಕಿ’ ಯಾರ ಬಾಕಿ?

ಎಲ್ರಿಗೂ ನಮಸ್ಕಾರ,

ಒಂದು ಪದದ ಬಗ್ಗೆ ಕೇಳೋದಿತ್ತು. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಮೊದಲು ಹೇಳ್ದೇ ಇದ್ರೆ ಅರ್ಥ ಆಗಲ್ಲ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿಕ್ಕಮ್ಮ ತಿಪಟೂರಲ್ಲಿ ಮನೇಲೇ ಬಟ್ಟೆ ಹೊಲೀತಾರೆ. ಚಿಕ್ಕಪ್ಪಂದು ಆಟೋ. ಜೂನಲ್ಲಿ ಬಿದ್ದು ಅವರ ಕಾಲು ಮುರೀತು, ಎರಡು ತಿಂಗಳು ಆಟೋ ಮನೆ ಮುಂದೇನೇ ನಿಂತಿತ್ತು. ಹೊಲಿಗೆ ಮಷಿನ್‌ಗೆ ಅಂತ ತಗೊಂಡ ಸಾಲದ ಕಂತು ತಿಂಗಳಿಗೆ 2,340, ಅದು 5ನೇ ತಾರೀಕು ಚಿಕ್ಕಮ್ಮನ ಅಕೌಂಟಿಂದ ತಾನಾಗೇ ಕಟ್ ಆಗೋ ಹಾಗೆ ಸೈನ್ ಹಾಕಿ ಕೊಟ್ಟಿದಾರೆ, ನ್ಯಾಚ್ ಅಂತಾರಲ್ಲ ಅದು. ಜುಲೈ 5ಕ್ಕೆ ಅಕೌಂಟಲ್ಲಿ ಇದ್ದಿದ್ದು 1,412. ಕಂತು ಬೌನ್ಸ್ ಆಯ್ತು, ಬೌನ್ಸ್ ಆಗಿದ್ದಕ್ಕೆ ಬ್ಯಾಂಕು 500 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90, ಒಟ್ಟು 590 ಹಿಡ್ಕೊಂಡ್ರು, ಉಳಿದಿದ್ದು 822. ಸಾಲ ಕೊಟ್ಟ ಕಂಪನಿಯವರು ಒಂದು ವಾರ ಬಿಟ್ಟು ಮತ್ತೆ ಹಾಕಿದ್ರು, ಮತ್ತೆ ಬೌನ್ಸ್, ಮತ್ತೆ 590, ಉಳಿದಿದ್ದು 232. ಆಗಸ್ಟ್ 5ಕ್ಕೆ ಮೂರನೇ ಸಲ. 232ರಲ್ಲಿ 590 ಕಳೆದ್ರೆ ಮೈನಸ್ 358. (ಕಂಪನಿಯವರು ತಮ್ಮ ಕಡೆಯಿಂದ ಹಾಕೋ ಬೌನ್ಸ್ ಚಾರ್ಜು ಬೇರೆ, ಅದು ಈ ಲೆಕ್ಕದಲ್ಲಿ ಇಲ್ಲ.)

ಆಗ ಬಂದ ಮೆಸೇಜು ಕನ್ನಡದಲ್ಲೇ ಇತ್ತು. ಚಿಕ್ಕಮ್ಮನೇ ಬ್ರಾಂಚಿಗೆ ಹೋಗಿ ನಂಗೆ ಕನ್ನಡದಲ್ಲೇ ಕಳ್ಸಿ ಅಂತ ಕೇಳಿ ಮಾಡಿಸ್ಕೊಂಡಿದ್ದು, ಆ ವಿಷ್ಯದಲ್ಲಿ ನಂಗೆ ಅವರ ಮೇಲೆ ತುಂಬಾ ಹೆಮ್ಮೆ. ಮೆಸೇಜಲ್ಲಿ ಇದ್ದಿದ್ದು ಇಷ್ಟು: ಶುಲ್ಕ ರೂ.590 ಕಡಿತ, ಖಾತೆಯ ಬಾಕಿ ರೂ.-358.00.

ಚಿಕ್ಕಮ್ಮ ಇದನ್ನ ಓದಿ ಏನಂದ್ಕೊಂಡ್ರು ಅಂದ್ರೆ, 590 ಹೋಗಿದೆ, ಇನ್ನೂ 358 ಬಾಕಿ ಇದೆ. ಮಧ್ಯದಲ್ಲಿರೋ ಗೀಟು ಅವರ ಕಣ್ಣಿಗೆ ಬರೀ ಗೀಟು, ರೂಪಾಯಿಗೂ ಅಂಕಿಗೂ ನಡುವೆ ಹಾಕ್ತೀವಲ್ಲ ಹಾಗೆ. ಮಾತ್ರೆ ತರೋಕೆ 300 ತೆಗೆಯೋಣ ಅಂತ ಎಟಿಎಂಗೆ ಹೋದ್ರು, ಬರ್ಲಿಲ್ಲ. ದುಡ್ಡಿಲ್ಲದೆ ಎಟಿಎಂ ಒತ್ತಿದ್ದಕ್ಕೆ ಇನ್ನೊಂದು 25, ಜಿಎಸ್‌ಟಿ ಸೇರಿ 29.50 ಕಟ್. ಈಗ ಮೆಸೇಜಲ್ಲಿ ಬಾಕಿ ರೂ.-387.50. ಫೋನ್ ಮಾಡಿದ್ರು ನಂಗೆ, “ಏನಪ್ಪಾ, 358 ಇದ್ದಿದ್ದು 387 ಆಗಿದೆ, ಬಡ್ಡಿ ಸೇರಿಸಿದಾರೋ ಏನೋ, ಆದ್ರೆ ಮಷಿನ್ನು ದುಡ್ಡು ಕೊಡ್ತಿಲ್ಲ” ಅಂತ. ನಾನು ಮೆಸೇಜು ತರಿಸ್ಕೊಂಡು ನೋಡಿ “ಚಿಕ್ಕಮ್ಮ, ಅದು ಬಾಕಿ” ಅಂದೆ. “ಅದೇ ಕಣೋ ನಾನೂ ಹೇಳ್ತಿರೋದು, ಬಾಕಿ ಇದೆಯಲ್ಲ” ಅಂದ್ರು.

ಆ ಮಾತು ಕೇಳಿದಾಗಿಂದ ಈ ಪದ ನನ್ನ ತಲೆಯಿಂದ ಹೋಗ್ತಿಲ್ಲ. ಇಬ್ರೂ ಒಂದೇ ಪದ ಹೇಳ್ತಿದೀವಿ, ಇಬ್ರೂ ಸರಿಯಾದ ಕನ್ನಡಾನೇ ಹೇಳ್ತಿದೀವಿ, ಅರ್ಥ ಮಾತ್ರ ಒಂದಕ್ಕೊಂದು ತದ್ವಿರುದ್ಧ: ಅವರಿಗೆ ಅದು ಅಕೌಂಟಲ್ಲಿ ಉಳಿದಿರೋ ದುಡ್ಡು, ನಂಗೆ ಅದು ಬ್ಯಾಂಕಿಗೆ ಕೊಡಬೇಕಾದ ದುಡ್ಡು.

ನಂಗೆ ಗೊತ್ತಿರೋ ಹಾಗೆ ಬಾಕಿ ಅರಬ್ಬಿಯಿಂದ ಬಂದಿದ್ದು, ಮೂಲದಲ್ಲಿ ಉಳಿದದ್ದು ಅಂತ ಅಷ್ಟೇ. ಇನ್ನೂ ಎರಡು ರವಿಕೆ ಹೊಲಿಯೋದು ಬಾಕಿ ಇದೆ ಅನ್ನೋವಾಗ ಆ ಹಳೇ ಅರ್ಥಾನೇ ಇದೆ. ದುಡ್ಡಿನ ವಿಷ್ಯಕ್ಕೆ ಬಂದಾಗ ಮಾತ್ರ ಒಬ್ರು ಇನ್ನೊಬ್ರಿಗೆ ಕೊಡಬೇಕಾಗಿರೋದು ಅಂತ ಆಗುತ್ತೆ, ಯಾರು ಯಾರಿಗೆ ಅನ್ನೋದನ್ನ ಪದ ಹೇಳಲ್ಲ, ಜಾಗ ಹೇಳುತ್ತೆ. ಅಂಗಡಿಯವನು ಬಾಕಿ ಎಷ್ಟಿದೆ ಗೊತ್ತಾ ಅಂದ್ರೆ ನಾವು ಕೊಡಬೇಕು. ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ 15 ಅಂತ ಗೀಚಿ ಕೊಟ್ಟು ಬಾಕಿ ಇಳಿಯೋವಾಗ ಇಸ್ಕೊಳಿ ಅಂದ್ರೆ ಅವರು ಕೊಡಬೇಕು. ಎರಡೂ ಕಡೆ ಯಾರಿಗೂ ಗೊಂದಲ ಆಗಲ್ಲ ಯಾಕಂದ್ರೆ ಎದುರಿಗೆ ಮನುಷ್ಯ ಇರ್ತಾನೆ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಬರೋ ಬಾಕಿ ಯೋಚ್ನೆ ಮಾಡಿದ್ರೆ ಕಂಡಕ್ಟರ್ ಬಾಕಿ ಥರದ್ದು, ನಮ್ಮ ದುಡ್ಡು ಅವರ ಹತ್ರ ಇದೆ, ಕೇಳಿದಾಗ ಕೊಡಬೇಕು. ಹಾಗಾಗಿ ಬ್ಯಾಂಕಿನವರು ಬಾಲೆನ್ಸ್‌ಗೆ ಬಾಕಿ ಅಂತ ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಅಕೌಂಟು ಮೈನಸ್ಸಿಗೆ ಹೋದ ಕ್ಷಣಕ್ಕೆ ಕಂಡಕ್ಟರ್ ಬಾಕಿ ಅಂಗಡಿ ಬಾಕಿ ಆಗ್ಬಿಡುತ್ತೆ, ಪದ ಬದಲಾಗಲ್ಲ, ಒಂದು ಸಣ್ಣ ಗೀಟು ಮಾತ್ರ ಸೇರ್ಕೊಳ್ಳುತ್ತೆ. ಕೈ ಖಾಲಿ ಇರೋವಾಗ, ಮೊಬೈಲ್ ಸ್ಕ್ರೀನ್ ಒಡೆದಿರೋವಾಗ, ಆ ಗೀಟಿನ ಮೇಲೆ ಅಷ್ಟು ಭಾರ ಹಾಕೋದು ಸರೀನಾ?

ನಮ್ಮಪ್ಪ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ರು. ಅವರ ಲೆಡ್ಜರಲ್ಲಿ ಬಾಲೆನ್ಸ್‌ಗೆ ಶಿಲ್ಕು ಅಂತಾನೇ ಇರ್ತಿತ್ತು, ಬೆಳಿಗ್ಗೆ ಆರಂಭ ಶಿಲ್ಕು, ಸಂಜೆ ಆಖೈರು ಶಿಲ್ಕು. ಬಾಕಿ ಅನ್ನೋ ಕಾಲಂ ಬೇರೆ, ಅದು ರೈತರು ಕಟ್ಟಬೇಕಾದ್ದು. ಎರಡು ವಿಷ್ಯಕ್ಕೆ ಎರಡು ಪದ, ಕಲಸಿಹೋಗೋ ಮಾತೇ ಇಲ್ಲ. 1905ರಲ್ಲಿ ಗದಗ ಹತ್ರ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾಯ್ತು ಅಂತ ಓದಿದೀವಲ್ಲ, ಅಲ್ಲಿಂದ ಲೆಕ್ಕ ಹಾಕಿದ್ರೂ ನೂರು ವರ್ಷಕ್ಕಿಂತ ಜಾಸ್ತಿ ಹಳ್ಳಿ ಜನ ಸಾಲದ ಲೆಕ್ಕನ ಕನ್ನಡದಲ್ಲೇ ಬರ್ಕೊಂಡು ಬಂದಿದಾರೆ. ಆ ಪದಗಳು ಬ್ಯಾಂಕಿನ ಆ್ಯಪ್‌ಗೆ ಯಾಕೆ ಬರ್ಲಿಲ್ಲ ಅಂತ ನಂಗೆ ಬೇಜಾರು. ಶಿಲ್ಕು ಈಗಿನವರಿಗೆ ಗೊತ್ತಿಲ್ಲ ಅಂತ ಯಾರಾದ್ರೂ ಹೇಳಬಹುದು, ನಿಜ ಇರಬಹುದು, ನಿಮ್ಮ ಊರ ಕಡೆ ಇನ್ನೂ ಬಳಕೇಲಿದೆಯಾ ತಿಳಿಸಿ.

ಅಪ್ಪನ ಲೆಡ್ಜರಿನ ಇನ್ನೊಂದು ಪದ ಸುಸ್ತಿ. ವಾಯಿದೆ ಮೀರಿದ ಸಾಲ ಸುಸ್ತಿ ಸಾಲ, ಕಟ್ಟದವನು ಸುಸ್ತಿದಾರ, ಅದಕ್ಕೆ ಬೀಳೋದು ಸುಸ್ತಿ ಬಡ್ಡಿ. ನಾವು ದಣಿವಿಗೆ ಹೇಳೋ ಸುಸ್ತು ಕೂಡ ಅದೇ ಪಾರ್ಸಿ ಮೂಲದ್ದೇ, ಜಡ, ನಿಧಾನ, ಶಕ್ತಿ ಇಲ್ಲದ್ದು ಅನ್ನೋ ಅರ್ಥದ್ದು. ಚಿಕ್ಕವನಿದ್ದಾಗ ಸಂಘದ ಬೋರ್ಡ್ ಮೇಲೆ ಸುಸ್ತಿದಾರರ ಪಟ್ಟಿ ಅಂತ ಓದಿ, ಪಾಪ ಇವರಿಗೆಲ್ಲ ಸುಸ್ತಾಗಿದೆ ಅಂತ ಅಂದ್ಕೊಂಡಿದ್ದೆ. ಚಿಕ್ಕಮ್ಮನ್ನ ನೋಡಿದ್ಮೇಲೆ ಆಗ ಅಂದ್ಕೊಂಡಿದ್ದು ಅಷ್ಟೇನೂ ತಪ್ಪಲ್ಲ ಅನ್ಸುತ್ತೆ.

ಇನ್ನು ಶುಲ್ಕ. ಪರೀಕ್ಷೆಗೆ ಶುಲ್ಕ ಕಟ್ತೀವಿ, ಅರ್ಜಿಗೆ ಶುಲ್ಕ ಕಟ್ತೀವಿ, ಏನೋ ಒಂದು ಕೆಲಸ ಮಾಡಿಕೊಟ್ಟಿದ್ದಕ್ಕೆ ಕೊಡೋದು ಅದು. ಲೈಬ್ರರಿ ಪುಸ್ತಕ ತಡವಾದ್ರೆ, ಹೆಲ್ಮೆಟ್ ಹಾಕ್ದೇ ಇದ್ರೆ ಬೀಳೋದು ದಂಡ. ಕಂತು ಬೌನ್ಸ್ ಆದಾಗ, ಮಿನಿಮಮ್ ಬಾಲೆನ್ಸ್ ಇಲ್ಲದಾಗ ಹಿಡ್ಕೊಳ್ಳೋದು ಇವೆರಡರಲ್ಲಿ ಯಾವ್ದು? ರಿಸರ್ವ್ ಬ್ಯಾಂಕು 2014ರ ನವೆಂಬರಲ್ಲಿ ಮಿನಿಮಮ್ ಬಾಲೆನ್ಸ್ ಬಗ್ಗೆ ಸುತ್ತೋಲೆ ಹೊರಡಿಸಿದಾಗ ಪೀನಲ್ ಚಾರ್ಜಸ್ ಅಂತಾನೇ ಬರೆದಿದೆ, ಅಂದ್ರೆ ದಂಡದ ಕಡೆಗೇ ಇದೆ. ಕನ್ನಡದ ಮೆಸೇಜಿಗೆ ಬರೋ ಹೊತ್ತಿಗೆ ಅದು ಶುಲ್ಕ ಆಗಿ ಮೆತ್ತಗಾಗಿದೆ. ನನ್ನ ಮಟ್ಟಿಗೆ ದಂಡ ಅನ್ನೋದೇ ನೇರವಾದ ಪದ, ದಂಡ ಅಂದ್ರೆ ಜನ ತಕ್ಷಣ ಏನು ತಪ್ಪಾಯ್ತು, ಯಾರು ಹಾಕಿದ್ದು ಅಂತ ಕೇಳ್ತಾರೆ, ಶುಲ್ಕ ಅಂದ್ರೆ ಕಟ್ಟಲೇಬೇಕೇನೋ ಅಂತ ಸುಮ್ನಾಗ್ತಾರೆ. ಬಡವರ ಮೇಲೆ ದಂಡ ಅನ್ನೋ ಪದ ಹಾಕಿದ್ರೆ ಅವಮಾನ ಆಗುತ್ತೆ ಅಂತ ನನ್ನ ಹೆಂಡತಿ ಹೇಳ್ತಾಳೆ, ಅದರಲ್ಲೂ ನಿಜ ಇದೆ, ನಂಗೆ ಇನ್ನೂ ತೀರ್ಮಾನ ಆಗಿಲ್ಲ.

ಶುಲ್ಕ ಅನ್ನೋ ಸಂಸ್ಕೃತ ಪದಾನೇ ಸವೆದು ಸುಂಕ ಆಗಿರೋದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅನ್ನೋ ಗಾದೆ ಚಿಕ್ಕಮ್ಮನ ಬಾಯಲ್ಲಿ ಆವತ್ತು ತಾನಾಗೇ ಬಂತು, ಬ್ರಾಂಚಿಗೆ ಹೋಗೋಣ ಬನ್ನಿ ಅಂದಾಗ. ಆದ್ರೂ ಒತ್ತಾಯ ಮಾಡಿ ಕರ್ಕೊಂಡು ಹೋದೆ.

ಹೋಗೋಕೆ ಮುಂಚೆ ಒಂದು ಕಾಗದ ಬರೆದ್ವಿ, ಪದದ ಕಷ್ಟ ನಿಜವಾಗಿ ಶುರುವಾಗಿದ್ದೇ ಅಲ್ಲಿ. ಮೊದಲು ನಾನು ಆರ್ಥಿಕ ಮುಗ್ಗಟ್ಟಿನ ಕಾರಣ ಅಂತ ಬರೆದೆ. ಚಿಕ್ಕಮ್ಮ ಓದಿ “ಇದು ಪೇಪರಲ್ಲಿ ಸರ್ಕಾರಕ್ಕೆ ಬರೋದು, ನಮಗಲ್ಲ” ಅಂದ್ರು. ತಾಪತ್ರಯ ಅಂತ ಹಾಕಿದ್ರೆ ಸಂಸಾರದ ಎಲ್ಲಾ ಗೋಳೂ ಸೇರ್ಕೊಂಡ್ಬಿಡುತ್ತೆ. ಕೊನೆಗೆ ಅವರೇ ಹೇಳಿದ ಹಣದ ಅಡಚಣೆ ಅನ್ನೋದೇ ಉಳೀತು, ಹರೀತಿರೋ ನೀರಿಗೆ ಏನೋ ಅಡ್ಡ ಬಂದಿದೆ, ತೆಗೆದ್ರೆ ಮತ್ತೆ ಹರಿಯುತ್ತೆ ಅನ್ನೋ ಥರ ಇದೆ, ಮಾನಾನೂ ಉಳಿಯುತ್ತೆ.

ಆಮೇಲೆ ಶುಲ್ಕ ಮನ್ನಾ ಮಾಡಿ ಅಂತ ಬರೆದಿದ್ವಿ. ಮ್ಯಾನೇಜರ್ ಒಳ್ಳೆಯವರೇ, ಓದಿ “ಮನ್ನಾ ಎಲ್ಲಾ ನಮ್ಮ ಕೈಲಿಲ್ಲಮ್ಮ, ಮೇಲಿಂದ ಬರ್ಬೇಕು” ಅಂದ್ರು. ಮನ್ನಾ ಅಂದ ಕೂಡ್ಲೇ ಸಾಲ ಮನ್ನಾ, ಬಜೆಟ್ಟು, ಸರ್ಕಾರಿ ಆದೇಶ ಅಂತ ಎಲ್ಲಾ ತಲೆಗೆ ಬರುತ್ತೆ. ಪಕ್ಕದ ಕೌಂಟರಿನ ಹೆಂಗಸು ಮೆಲ್ಲಗೆ “ಚಾರ್ಜ್ ರಿವರ್ಸ್ ಮಾಡಿ ಅಂತ ಬರೀರಿ” ಅಂದ್ರು. ಹಾಗೇ ಬದಲಾಯಿಸಿ, ಕಾಲಿನ ಎಕ್ಸ್‌ರೇ ಕಾಪಿ ಜೊತೆಗಿಟ್ಟು ಕೊಟ್ವಿ, ನಾಲ್ಕು ದಿನಕ್ಕೆ ಮೂರರಲ್ಲಿ ಎರಡು ಚಾರ್ಜು, 1,180 ರೂಪಾಯಿ, ವಾಪಸ್ ಜಮಾ ಆಯ್ತು. ಕಾಗದದಲ್ಲಿ ಬದಲಾಗಿದ್ದು ಆ ಒಂದು ಮಾತಷ್ಟೇ. ರಿವರ್ಸ್ ಅನ್ನೋದಕ್ಕೆ ವಾಪಸ್ ಜಮಾ ಅಂತ ಬರೆದ್ರೆ ಬ್ಯಾಂಕಲ್ಲಿ ಕೆಲಸ ಮಾಡೋರಿಗೆ ಅದೇ ಅರ್ಥ ಹೋಗುತ್ತಾ? ಇಲ್ಲಿ ಬ್ಯಾಂಕಿನವರು ಯಾರಾದ್ರೂ ಇದ್ರೆ ಖಂಡಿತ ಹೇಳಿ.

ಓವರ್‌ಡ್ರಾಫ್ಟ್ (ಅಕೌಂಟಲ್ಲಿ ಇರೋದಕ್ಕಿಂತ ಜಾಸ್ತಿ ದುಡ್ಡು ತೆಗೆಯೋದು) ಅನ್ನೋ ಪದಕ್ಕೆ ನಾನು ಕನ್ನಡ ಹುಡುಕ್ತಿಲ್ಲ. ಮೇಲೆಳೆತ, ಮೀರಿ ಎಳೆಯೋದು ಅಂತೆಲ್ಲ ಕಟ್ಟಬಹುದು, ಆದ್ರೆ ಅಂಗಡಿ ಇಟ್ಟೋರೆಲ್ಲ ಅದನ್ನೇ ಚಿಕ್ಕದಾಗಿ ಓಡಿ ಅಂತ ಆರಾಮಾಗಿ ಹೇಳ್ತಾರೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆ ಕಟ್ಟಿಸ್ಕೊಳ್ಳೋಕೆ ಶುರು ಮಾಡಿದ ಪಿಗ್ಮಿ ಇವತ್ತು ಎಷ್ಟು ಕನ್ನಡ ಆಗಿದೆ ಅಂದ್ರೆ ಚಿಕ್ಕಮ್ಮಂಗೆ ಅದು ಇಂಗ್ಲಿಷ್ ಅಂತಾನೇ ಗೊತ್ತಿಲ್ಲ. ನಂಗೆ ಬೇಕಿರೋದು ಕೇಳಿ ತಗೊಂಡ ಓಡಿಗೂ ತಾನಾಗೇ ಬಿದ್ದ ಮೈನಸ್ಸಿಗೂ ಬೇರೆ ಬೇರೆ ಮಾತು. ಜನ್‌ಧನ್ ಖಾತೇಲಿ 10,000ದ ತನಕ ಓಡಿ ಇದೆ, ಅದರಲ್ಲಿ 2,000ದ ತನಕ ಷರತ್ತಿಲ್ಲ, ಅದು ಕಷ್ಟಕ್ಕೆ ಅಂತಾನೇ ಇಟ್ಟಿರೋದು. ಚಿಕ್ಕಮ್ಮಂಗೆ ಬಿದ್ದಿದ್ದು ಆ ಥರದ್ದಲ್ಲ. ಬ್ರಿಟನ್ನಲ್ಲಿ ಮೊದಲೇ ಒಪ್ಪಂದ ಆಗಿರೋ ಓವರ್‌ಡ್ರಾಫ್ಟು, ಒಪ್ಪಂದ ಇಲ್ಲದ್ದು ಅಂತ ಎರಡು ಹೆಸರೇ ಇವೆ, 2020ರ ಏಪ್ರಿಲಿಂದ ಎರಡನೇದಕ್ಕೆ ಮೊದಲನೇದಕ್ಕಿಂತ ಜಾಸ್ತಿ ರೇಟು ಹಾಕೋ ಹಾಗಿಲ್ಲ ಅಂತ ರೂಲ್ಸೂ ಬಂತು. ಹೆಸರು ಬೇರೆ ಇದ್ದಿದ್ರಿಂದಲೇ ಆ ರೂಲ್ಸು ಬರೆಯೋಕೆ ಆಯ್ತು ಅಂತ ನಂಗನ್ಸುತ್ತೆ. ನಮ್ಮಲ್ಲೂ 2014ರ ಅದೇ ಸುತ್ತೋಲೇಲಿ ಮಿನಿಮಮ್ ಬಾಲೆನ್ಸ್ ಚಾರ್ಜು ಒಂದ್ರಿಂದಲೇ ಖಾತೆ ಮೈನಸ್ಸಿಗೆ ಹೋಗಬಾರದು, ಹಾಕೋಕೆ ಮುಂಚೆ ತಿಳಿಸಿ ಕನಿಷ್ಠ ಒಂದು ತಿಂಗಳು ಟೈಮ್ ಕೊಡಬೇಕು ಅಂತ ಇದೆ. ಕಂತು ಬೌನ್ಸಿನ ಚಾರ್ಜು ಆ ಮಾತಿನ ಹೊರಗೆ ಬೀಳುತ್ತೆ, ಅದಕ್ಕೇ ಯಾವ ಚಾರ್ಜು ಯಾವ್ದು ಅಂತ ಕನ್ನಡದಲ್ಲಿ ಬಿಡಿಸಿ ಹೇಳೋದು ಅಷ್ಟು ಮುಖ್ಯ.

ಚಿಕ್ಕಮ್ಮನ ಹೊಲಿಗೆ ಲೆಕ್ಕದ ನೋಟ್‌ಬುಕ್ಕಲ್ಲಿ ಪ್ರತಿ ಪುಟಕ್ಕೂ ಎರಡು ಸಾಲು ಎಳೆದಿರ್ತಾರೆ, ಒಂದರ ಮೇಲೆ ‘ಬರ್ಬೇಕು’, ಇನ್ನೊಂದರ ಮೇಲೆ ‘ಕೊಡ್ಬೇಕು’. ಬಾಕಿ ಇಲ್ಲ, ಶಿಲ್ಕು ಇಲ್ಲ, ಮೈನಸ್ಸೂ ಇಲ್ಲ. ಬ್ಯಾಂಕಿನ ಮೆಸೇಜು ‘ನಿಮ್ಮ ಹಣ ರೂ.232 ಇದೆ’ ಅಂತಲೋ ‘ನೀವು ಬ್ಯಾಂಕಿಗೆ ರೂ.358 ಕೊಡಬೇಕು’ ಅಂತಲೋ ಬಂದಿದ್ರೆ ಅವರು ಎಟಿಎಂ ತನಕ ನಡೀತಾನೇ ಇರ್ಲಿಲ್ಲ.

ಈಗ ವಿಷ್ಯ ಏನಂದ್ರೆ, ಚಿಕ್ಕಮ್ಮನ ಸ್ತ್ರೀಶಕ್ತಿ ಸಂಘದಲ್ಲಿ ಇನ್ನೂ ನಾಲ್ಕೈದು ಜನಕ್ಕೆ ಹೀಗೇ ಆಗಿದೆಯಂತೆ. ಅವರಿಗೆ ಒಂದು ಪುಟದ ಚೀಟಿ ಮಾಡ್ತಿದೀನಿ: ಮೆಸೇಜು ಓದೋದು ಹೇಗೆ, ಕಂತಿನ ತಾರೀಕು ಬದಲಾಯಿಸಿ ಅಂತ ಕಂಪನಿಗೆ ಮೊದಲೇ ಕೇಳೋದು, ಮಿನಿಮಮ್ ಬಾಲೆನ್ಸ್ ಬೇಡದ ಬೇಸಿಕ್ ಖಾತೆಗೆ ಬದಲಾಯಿಸ್ಕೊಳ್ಳೋದು, ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಬರ್ದೇ ಇದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋದು, ಅದರ ಸಹಾಯವಾಣಿ 14448, ಇಷ್ಟು. ಅದರಲ್ಲಿ ಬಾಲೆನ್ಸ್‌ಗೆ ಯಾವ ಪದ ಹಾಕ್ಲಿ? ಉಳಿಕೆ ಅಂದ್ರೆ ಉಳಿತಾಯ ಖಾತೆ ಜೊತೆ ಕಲಸುತ್ತಾ? ಓಂಬುಡ್ಸ್‌ಮನ್‌ಗೆ ಲೋಕಪಾಲ ಅಂದ್ರೆ ಜನ ಲೋಕಾಯುಕ್ತ ಆಫೀಸಿಗೆ ಹೋಗ್ಬಿಡ್ತಾರೇನೋ ಅಂತ ಭಯ. ಅಕೌಂಟಲ್ಲಿರೋ ದುಡ್ಡನ್ನ ತೆಗೆಯೋಕೆ ಆಗದ ಹಾಗೆ ಬ್ಯಾಂಕು ಹೋಲ್ಡ್ ಹಾಕೋದಕ್ಕೆ ನಿಮ್ಮ ಕಡೆ ಏನಂತಾರೆ, ತಡೆಹಿಡಿಯೋದು ಅಂತ ಬರೆದಿದೀನಿ, ಸಾಕಾ? ಉತ್ತರ ಕರ್ನಾಟಕದವರು, ಮಂಗಳೂರು ಕಡೆಯವರು ನಿಮ್ಮಲ್ಲಿ ಹೇಳೋದನ್ನ ಹಾಗೇ ಬರೀರಿ, ತಿದ್ದಬೇಡಿ. ಶನಿವಾರ ಜೆರಾಕ್ಸ್ ಅಂಗಡಿಗೆ ಕೊಡಬೇಕು, ಅಷ್ಟರೊಳಗೆ ಸಿಕ್ಕಿದ್ರೆ ಉಪಕಾರ ಆಗುತ್ತೆ.